ಪಾರ್ಕಿಂಗ್ ಪುಕ್ಕಟೆ, ಬಸ್ಸಿಗೆ ದುಡ್ಡು: ನಮ್ಮ ಕಾಲೇಜುಗಳ ಲೆಕ್ಕ ಉಲ್ಟಾ ಆಗಿದೆ

ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಯಾವುದಾದರೂ ದೊಡ್ಡ ಕಾಲೇಜಿನ ಗೇಟಿನ ಹತ್ತಿರ ನಿಂತು ನೋಡಿ. ಒಳಗೆ ಜಾಗ ಇಲ್ಲ. ಹೊರಗೆ ಫುಟ್‌ಪಾತ್ ಮೇಲೆಲ್ಲ ಬೈಕುಗಳ ಸಾಲು. ಎದುರು ಮನೆಯವರು ತಮ್ಮ ಗೇಟಿಗೆ ಅಡ್ಡ ನಿಂತ ಸ್ಕೂಟರಿಗಾಗಿ ವಾಚ್‌ಮನ್ ಜೊತೆ ಜಗಳ ಆಡುತ್ತಿರುತ್ತಾರೆ. ಇದಕ್ಕೆ ಆಡಳಿತ ಮಂಡಳಿಗೆ ತಟ್ಟನೆ ಹೊಳೆಯುವುದು ಎರಡೇ ದಾರಿ. ಆಟದ ಮೈದಾನದ ಒಂದು ಮೂಲೆ ಬಿಟ್ಟುಕೊಡುವುದು, ಇಲ್ಲವೇ ಹೊಸ ಕಟ್ಟಡಕ್ಕೆ ಬೇಸ್‌ಮೆಂಟ್ ತೋಡುವುದು.

ನಾನಿರುವುದು ಅಮೆರಿಕದ ಸಿಯಾಟಲ್‌ನಲ್ಲಿ. ಇಲ್ಲಿನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ಗೂ ಇದೇ ತಲೆನೋವಿತ್ತು. ಸುತ್ತಲಿನ ಬೀದಿಗಳಲ್ಲಿ ಕಾರು ತುಂಬುತ್ತವೆ ಎಂದು ಅಕ್ಕಪಕ್ಕದವರು ಗೊಣಗುತ್ತಿದ್ದರು. ಕ್ಯಾಂಪಸ್‌ನಲ್ಲಿ 12,300ಕ್ಕಿಂತ ಜಾಸ್ತಿ ಪಾರ್ಕಿಂಗ್ ಜಾಗ ಇರಕೂಡದು ಎಂಬ ಮಿತಿಯೂ ಬಂತು. ಅಂದರೆ ವಿದ್ಯಾರ್ಥಿಗಳು ಎಷ್ಟೇ ಹೆಚ್ಚಾದರೂ ಪಾರ್ಕಿಂಗ್ ಹೆಚ್ಚಿಸುವ ಹಾಗಿಲ್ಲ. ಆಗ ಅವರು 1991ರಲ್ಲಿ ಯು-ಪಾಸ್ ಎಂಬ ಯೋಜನೆ ತಂದರು. ಪಾರ್ಕಿಂಗ್ ದರ ಏರಿಸಿದರು. ಹಾಗೆ ಬಂದ ದುಡ್ಡಿನ ಒಂದು ಪಾಲನ್ನು ಬಸ್ ಪಾಸ್‌ಗೆ ಹಾಕಿದರು. ಕಾರು ತರುವವರ ಹಣದಲ್ಲಿ ಬಸ್ಸಿನಲ್ಲಿ ಬರುವವರಿಗೆ ರಿಯಾಯಿತಿ ಸಿಕ್ಕಿತು.

2011ರಿಂದ ಈ ಪಾಸು ವಿದ್ಯಾರ್ಥಿಗಳೆಲ್ಲರಿಗೂ ಫೀಸಿನ ಜೊತೆಯಲ್ಲೇ ಬರುತ್ತದೆ. ಬೇಕೋ ಬೇಡವೋ, ಎಲ್ಲರೂ ಕಟ್ಟುತ್ತಾರೆ. ಎಲ್ಲರೂ ಕಟ್ಟುವುದರಿಂದಲೇ ತಲೆಗೆ ಬೀಳುವ ಹಣ ಕಡಿಮೆ. ಐಡಿ ಕಾರ್ಡೇ ಪಾಸು. ಲೈಬ್ರರಿಯಲ್ಲಿ ಪುಸ್ತಕ ತೆಗೆದುಕೊಳ್ಳುವ ಕಾರ್ಡನ್ನೇ ಬಸ್ಸಿನ ಬಾಗಿಲಲ್ಲಿ ಮುಟ್ಟಿಸಿದರೆ ಸಾಕು. ಚಿಲ್ಲರೆ ಹುಡುಕುವ ಕೆಲಸವಿಲ್ಲ, ರೀಚಾರ್ಜ್ ಮಾಡಿಸುವ ನೆನಪು ಬೇಕಿಲ್ಲ. ನಮ್ಮ ಮೆಟ್ರೋದಂಥ ಲೈಟ್ ರೈಲು ಕ್ಯಾಂಪಸ್ ಬಾಗಿಲಿಗೆ ಬಂದದ್ದು ಆಮೇಲೆ, 2016ರಲ್ಲಿ. ಅಷ್ಟು ವರ್ಷ ಬಸ್ಸೇ ಈ ಭಾರ ಹೊತ್ತಿತ್ತು. ಮೆಟ್ರೋ ಬರಲಿ, ಆಮೇಲೆ ನೋಡೋಣ ಅನ್ನುವವರು ಇದನ್ನು ಗಮನಿಸಬೇಕು.

ನನಗೆ ತುಂಬಾ ಹಿಡಿಸಿದ ವಿಷಯ ಇನ್ನೊಂದಿದೆ. ಜನ ಗಾಡಿ ತರುವುದು ಬರೀ ಸೋಮಾರಿತನದಿಂದ ಅಲ್ಲ, ಭಯದಿಂದಲೂ ಹೌದು. ಮಧ್ಯಾಹ್ನ ಮಗುವಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂದರೆ ಏನು ಮಾಡುವುದು? ಲ್ಯಾಬ್ ಮುಗಿಯುವುದು ರಾತ್ರಿಯಾದರೆ? ಇಲ್ಲಿ ಇದಕ್ಕೂ ಏರ್ಪಾಡು ಮಾಡಿದ್ದಾರೆ. ಗಾಡಿ ತರದ ನೌಕರರು ತುರ್ತಿದ್ದಾಗ ಟ್ಯಾಕ್ಸಿ ಹಿಡಿದು ಮನೆಗೆ ಹೋದರೆ ಆ ಖರ್ಚಿನ ಬಹುಪಾಲು ವಾಪಸ್ ಸಿಗುತ್ತದೆ. ರಾತ್ರಿ ಕ್ಯಾಂಪಸ್‌ನಿಂದ ಸುತ್ತಲಿನ ಬಡಾವಣೆಗಳಿಗೆ ಬಿಡುವ ವ್ಯಾನೂ ಇದೆ. ಎಲ್ಲರೂ ಇದನ್ನು ದಿನಾ ಬಳಸುವುದಿಲ್ಲ. ಆದರೆ ಇದೆ ಎಂಬ ಧೈರ್ಯಕ್ಕೇ ಎಷ್ಟೋ ಜನ ಕಾರು ಮನೆಯಲ್ಲಿ ಬಿಟ್ಟು ಬರುತ್ತಾರೆ.

ಈಗ ನಮ್ಮೂರಿನ ಲೆಕ್ಕ ನೋಡಿ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಕಾಲೇಜು ಬಸ್ಸಿಗೆ ವರ್ಷಕ್ಕೆ ಸಾವಿರಾರು ರೂಪಾಯಿ ಕಟ್ಟಬೇಕು. ಬೈಕು ತಂದು ನಿಲ್ಲಿಸಿದರೆ ಏನೂ ಇಲ್ಲ, ಇದ್ದರೂ ಹೆಸರಿಗೊಂದು ಸ್ಟಿಕ್ಕರ್. ಜಾಗ ಉಳಿಸುವವನು ದುಡ್ಡು ಕೊಡಬೇಕು, ಜಾಗ ತಿನ್ನುವವನಿಗೆ ಪುಕ್ಕಟೆ. ಹೀಗಿದ್ದರೆ ಎಷ್ಟು ಬೇಸ್‌ಮೆಂಟ್ ತೋಡಿದರೂ ಸಾಲುವುದಿಲ್ಲ, ಅಲ್ವಾ? ಒಂದು ಕಾರು ನಿಲ್ಲಲು, ಹೋಗಿಬರುವ ದಾರಿಯೂ ಸೇರಿ ಸುಮಾರು 25 ಚದರ ಮೀಟರ್ ಬೇಕು. ಮೂರು ಕಾರಿನ ಜಾಗದಲ್ಲಿ ಅರವತ್ತು ಮಕ್ಕಳು ಕೂರುವ ಕ್ಲಾಸ್‌ರೂಮ್ ಆಗುತ್ತದೆ. ಅದನ್ನು ಪುಕ್ಕಟೆ ಕೊಡುವುದು ಎಂದರೆ ಉಳಿದ ಮಕ್ಕಳ ಫೀಸಿನಲ್ಲಿ ಕೊಟ್ಟ ಹಾಗೆ.

ಸಿಯಾಟಲ್‌ನಲ್ಲಿ ಮಾಡಿದ್ದನ್ನು ಸುಮ್ನೆ ಹಾಗೇ ತಂದು ಇಡಲು ಆಗುವುದಿಲ್ಲ, ನನಗೆ ಗೊತ್ತು. ನಮ್ಮದು ಬೈಕು, ಸ್ಕೂಟರುಗಳ ಊರು. ಬೆಳಗ್ಗೆ ಎಂಟರ ಬಿಎಂಟಿಸಿ ಬಸ್ಸಿನಲ್ಲಿ ಫುಟ್‌ಬೋರ್ಡ್ ಮೇಲೂ ಕಾಲಿಡಲು ಆಗುವುದಿಲ್ಲ. ವಿಟಿಯು ಕಾಲೇಜಿನ ಹುಡುಗನಿಗೆ 85% ಹಾಜರಾತಿ ಬೇಕು. ಬಸ್ ತಪ್ಪಿತು ಅಂದರೆ ಮೊದಲ ಕ್ಲಾಸಿನ ಅಟೆಂಡೆನ್ಸ್ ಹೋಯ್ತು. ಅವನು ಬೈಕ್ ಕೇಳದೆ ಇನ್ನೇನು ಮಾಡುತ್ತಾನೆ? ಹಾಗಾಗಿ ಬಸ್ ಸರಿ ಮಾಡದೆ ಬರೀ ಪಾರ್ಕಿಂಗ್ ಶುಲ್ಕ ಹೇರಿದರೆ ಅದು ಅನ್ಯಾಯ. ಒಂದೇ ರಸ್ತೆಯಲ್ಲಿರುವ ನಾಲ್ಕು ಕಾಲೇಜುಗಳು ಕೂತು ಮಾತಾಡಿ ಕ್ಲಾಸ್ ಶುರುವಾಗುವ ಹೊತ್ತನ್ನು ಅರ್ಧರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಂಡರೆ ಅಷ್ಟೇ ಬಸ್ಸುಗಳಲ್ಲಿ ಜಾಸ್ತಿ ಮಕ್ಕಳು ಬರಬಹುದು. ಇದಕ್ಕೆ ಕಾಸೂ ಬೇಡ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಹೇಗೂ ಉಚಿತ. ಪಾರ್ಕಿಂಗ್ ಹಣದಿಂದ ಹುಡುಗರ ಪಾಸ್‌ಗೆ ನೆರವಾದರೆ ಅರ್ಧ ಕೆಲಸ ಮುಗಿದಂತೆ.

ಐಐಟಿ ಮದ್ರಾಸ್‌ನಲ್ಲಿ ವಿದ್ಯಾರ್ಥಿಗಳು ಮೋಟಾರು ಗಾಡಿ ಇಟ್ಟುಕೊಳ್ಳುವಂತಿಲ್ಲ. ಸೈಕಲ್ಲು, ಇಲ್ಲವೇ ಕ್ಯಾಂಪಸ್ ಬಸ್ಸು. ಆದರೆ ಅಲ್ಲಿಯವರು ಹಾಸ್ಟೆಲ್‌ನಲ್ಲಿ ಇರುತ್ತಾರೆ. ದಿನಾ ಕೆಂಗೇರಿಯಿಂದಲೋ ಯಲಹಂಕದಿಂದಲೋ ಬರುವ ಮಕ್ಕಳಿಗೆ ನಿಷೇಧ ನಡೆಯುವುದಿಲ್ಲ, ಬೆಲೆ ನಡೆಯುತ್ತದೆ. ಅದೂ ದಿನದ ಲೆಕ್ಕದಲ್ಲಿ ಇರಬೇಕು. ವರ್ಷಕ್ಕೆ ಒಮ್ಮೆ ಕಟ್ಟಿಸಿಕೊಂಡರೆ, ಕೊಟ್ಟಾಗಿದೆಯಲ್ಲ ಎಂದು ದಿನಾ ಗಾಡಿ ತರುತ್ತಾರೆ. ದಿನಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಎಂದರೆ ಮನೆ ಬಿಡುವ ಮೊದಲು ಒಂದು ಸಲ ಯೋಚಿಸುತ್ತಾರೆ. ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲೂ ಬಳಸಿದ ದಿನಕ್ಕಷ್ಟೇ ಹಣ ಕೊಡುವ ಏರ್ಪಾಡಿದೆ.

ಇದರಲ್ಲಿ ಅಧ್ಯಾಪಕರಿಗೆ, ಆಡಳಿತದವರಿಗೆ ವಿನಾಯಿತಿ ಕೊಡಬಾರದು. ನೆರಳಿರುವ ಜಾಗವೆಲ್ಲ ಅವರ ಕಾರುಗಳಿಗೇ ಮೀಸಲು, ಶುಲ್ಕ ಮಾತ್ರ ಮಕ್ಕಳಿಗೆ ಎಂದರೆ ಯಾರು ಒಪ್ಪುತ್ತಾರೆ? ವಿನಾಯಿತಿ ಇರಬೇಕಾದದ್ದು ಅಂಗವಿಕಲರಿಗೆ, ಗರ್ಭಿಣಿಯರಿಗೆ, ರಾತ್ರಿ ಪಾಳಿಯ ಸಿಬ್ಬಂದಿಗೆ. ಅವರ ಜಾಗ ಪುಕ್ಕಟೆ ಇರಲಿ. ಅದು ಕ್ಲಾಸಿನ ಬಾಗಿಲಿಗೆ ಅತಿ ಹತ್ತಿರದಲ್ಲೇ ಇರಲಿ.