ಬರಿ ಉಂಟಾ, ಗೋತ್ರ ಉಂಟಾ?

ಮಂಗಳೂರಿನಲ್ಲಿ ಯಾರೂ ಜಾತಿ ಕೇಳುವುದಿಲ್ಲ. ನಾವು ವಿದ್ಯಾವಂತರು. ಮನೆ ಎಲ್ಲಿ ಎಂದು ಕೇಳುತ್ತೇವೆ, ಅಷ್ಟೇ.

"ಮನೆ ಎಲ್ಲಿ ಆಯ್ತು?"

"ಕದ್ರಿ."

"ಅದಲ್ಲ, ಮೂಲ ಮನೆ?"

"ಅಪ್ಪನದ್ದು ಕಾರ್ಕಳ, ಅಮ್ಮನದ್ದು ಮುಲ್ಕಿ."

"ಹೌದಾ. ಅಪ್ಪನ ಹೆಸರೆಂತ?"

ಹೆಸರು ಹೇಳಿದರೆ ಸಾಲದು, ಸರ್‌ನೇಮ್ ಬರಬೇಕು. ಅದು ಬಂದರೂ ಒಮ್ಮೊಮ್ಮೆ ಕೆಲಸ ಮುಗಿಯುವುದಿಲ್ಲ. ಹೆಗ್ಡೆ ಎಂದರೆ ಬಂಟರೂ ಉಂಟು, ಹವ್ಯಕರೂ ಉಂಟು. ಭಟ್ ಎಂದರೆ ಶಿವಳ್ಳಿಯೋ, ಹವ್ಯಕರೋ, ಕೊಂಕಣಿಯೋ ಹೇಳುವುದು ಕಷ್ಟ. ಆಗ ಕೊನೆಯ ಅಸ್ತ್ರ ಹೊರಗೆ ಬರುತ್ತದೆ: "ಮನೆಯಲ್ಲಿ ಎಂತ ಮಾತಾಡುದು?" ಇಷ್ಟೆಲ್ಲ ಆದ ಮೇಲೆ ನೀವು ಜಾತಿ ಕೇಳಿದ್ದಾ ಅಂದರೆ, ಛೆ ಛೆ, ನಮಗೆ ಅದೆಲ್ಲ ಇಲ್ಲ ಮಾರಾಯ್ರೆ!

ಈ ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗುತ್ತಾರೆ. ಡುಮ್ಕಿ ಹೊಡೆಯುವುದು ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಇರುವ ಮಕ್ಕಳು ಮಾತ್ರ. "ತುಳು, ಕೊಂಕಣಿ ಎರಡೂ ಮಾತಾಡ್ತೇವೆ" ಎಂದರೆ ಕೇಳಿದವರಿಗೆ ಸಮಾಧಾನವಿಲ್ಲ. "ಜಾಸ್ತಿ ಯಾವುದು?" ಎನ್ನುತ್ತಾರೆ. ಬೈಯುವಾಗ ತುಳು, ಲೆಕ್ಕ ಹಾಕುವಾಗ ಕೊಂಕಣಿ ಎಂದರೆ ಅದೂ ಉತ್ತರ ಅಲ್ಲವಂತೆ.

ಸರ್ಕಾರವೂ ಇದೇ ಶಾಲೆಯಲ್ಲಿ ಕಲಿತದ್ದು. 2011ರ ಜನಗಣತಿಯಲ್ಲಿ ಮಾತೃಭಾಷೆ ಒಂದೇ ಬರೆಯಬೇಕಿತ್ತು. ಗೊತ್ತಿರುವ ಬೇರೆ ಭಾಷೆ ಹೆಚ್ಚೆಂದರೆ ಎರಡು. ಒಟ್ಟು ಮೂರು. ಮೀನಿನ ದಕ್ಕೆಯಲ್ಲಿ ಬಂಗುಡೆ ಮಾರುವ ಅಕ್ಕ ಬೆಳಗ್ಗೆ ಎಂಟು ಗಂಟೆಯ ಒಳಗೆ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡದಲ್ಲಿ ಚೌಕಾಸಿ ಮುಗಿಸಿರುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅದರಲ್ಲಿ ಎರಡು ಭಾಷೆ ಸುಮ್ನೆ ಬಾಯಿಗೆ ಬಂದ ಶಬ್ದ.

ಇದೆಲ್ಲ ಸಣ್ಣದು. ನಿಜವಾದ ಗಮ್ಮತ್ತು ಇರುವುದು ಬರಿ ಮತ್ತು ಗೋತ್ರದ ಲೆಕ್ಕದಲ್ಲಿ. ಬರಿ ಎಂದರೆ ತುಳುವರ ಕುಲ. ಸ್ವಲ್ಪ ನಿಧಾನಕ್ಕೆ ಓದಿ, ಬೇಕಾದರೆ ಪೆನ್ನು ಹಿಡಿದುಕೊಳ್ಳಿ.

ಬಂಟರದ್ದು ಅಳಿಯಕಟ್ಟು, ಅಂದರೆ ವಂಶ ಅಮ್ಮನ ಕಡೆಯಿಂದ. ದಂತಕಥೆಯ ರಾಜ ಭೂತಾಳ ಪಾಂಡ್ಯನ ಹೆಸರಿನಲ್ಲಿ ನಡೆದುಬಂದ ಕ್ರಮ. ಬರಿ ಅಮ್ಮನಿಂದ ಮಕ್ಕಳಿಗೆ ಬರುತ್ತದೆ. ಕೊಂಕಣಿ ಬ್ರಾಹ್ಮಣರಲ್ಲಿ ಗೋತ್ರ ಅಪ್ಪನಿಂದ ಬರುತ್ತದೆ. ಈಗ ಒಂದು ಬಂಟರ ಮನೆಯ ಅಣ್ಣ-ತಂಗಿ ಇಬ್ಬರೂ ಕೊಂಕಣಿಯವರನ್ನು ಮದುವೆಯಾದರು ಎಂದಿಟ್ಟುಕೊಳ್ಳಿ. ತಂಗಿಗೆ ಒಬ್ಬ ಮಗ, ಅಣ್ಣನಿಗೆ ಒಬ್ಬಳು ಮಗಳು.

ತಂಗಿಯ ಮಗನಿಗೆ ಅಮ್ಮನಿಂದ ಬರಿ ಬಂತು, ಅಪ್ಪನಿಂದ ಗೋತ್ರ ಬಂತು. ಡಬಲ್. ಅಣ್ಣನ ಮಗಳಿಗೆ? ಅಮ್ಮನ ಹತ್ತಿರ ಕೊಡಲು ಬರಿ ಇಲ್ಲ. ಅಪ್ಪನ ಹತ್ತಿರ ಕೊಡಲು ಗೋತ್ರ ಇಲ್ಲ. ಅಪ್ಪನಿಗೊಂದು ಬರಿ ಉಂಟಲ್ಲ ಎಂದರೆ, ಅದು ಹೋಗುವುದು ತಂಗಿಯ ಮಗನಿಗೆ. ಅವನಿಗೆ ಆಗಲೇ ಎರಡುಂಟು! ಒಂದೇ ಅಜ್ಜಿಯ ಮೊಮ್ಮಕ್ಕಳು. ಒಬ್ಬನಿಗೆ ಎರಡು, ಒಬ್ಬಳಿಗೆ ಸೊನ್ನೆ.

ಈಗ ಇಬ್ಬರನ್ನೂ ಜಾತಿ ಪ್ರಮಾಣಪತ್ರಕ್ಕೆ ಕಚೇರಿಗೆ ಕರೆದುಕೊಂಡು ಹೋಗೋಣ. ಅಲ್ಲಿ ಮೊದಲು ನೋಡುವುದು ಅಪ್ಪನ ಜಾತಿ. 2012ರಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಒಂದು ಪ್ರಕರಣದಲ್ಲಿ, ಮಗು ಅಪ್ಪನ ಜಾತಿಯದ್ದು ಎಂದು ಊಹಿಸಬಹುದು, ಆದರೆ ಅದೇ ಕೊನೆಯ ಮಾತಲ್ಲ, ಅಮ್ಮನ ಜನರ ನಡುವೆ ಬೆಳೆದಿದ್ದರೆ ಸಾಕ್ಷ್ಯ ಕೊಡಬಹುದು ಎಂದಿತು. ಕಚೇರಿಯ ಮೇಜಿನವರೆಗೆ ಬರುವಾಗ ಇದರ ಮೊದಲ ಅರ್ಧ ಮಾತ್ರ ಉಳಿಯುತ್ತದೆ. ಹಾಗಾಗಿ ಮನೆಯಲ್ಲಿ ಬರಿ ಇರುವ ಹುಡುಗ ಕಚೇರಿಯಲ್ಲಿ ಬಂಟ ಅಲ್ಲ. ಕಚೇರಿಯಲ್ಲಿ ಬಂಟಳಾದ ಹುಡುಗಿಗೆ ಮನೆಯಲ್ಲಿ ಬರಿ ಇಲ್ಲ. ಎರಡೂ ಕಡೆಯವರು ಹೇಳುವುದು ಮಾತ್ರ ಒಂದೇ: ನಮ್ಮ ಕ್ರಮ ಸರಿ ಇದೆ, ಮಕ್ಕಳದ್ದೇ ಸ್ವಲ್ಪ ಪ್ರಾಬ್ಲೆಮ್.

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ 60 ಪ್ರಶ್ನೆಗಳ ಜಾತಿ ಸಮೀಕ್ಷೆ ಶುರುವಾಯಿತಲ್ಲ, ಆಗ ಪಟ್ಟಿಯಲ್ಲಿ ಜಾತಿಯ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಎಂದು ಬಂದದ್ದಕ್ಕೇ ಎಷ್ಟು ಗದ್ದಲ ಆಯಿತು ನೆನಪಿದೆಯಾ? ನಮ್ಮ ಕಥೋಲಿಕರ ಮನೆಗಳಲ್ಲಿ ಗಂಡು ಹುಡುಕುವಾಗ ಬಾಮಣ್, ಚಾರೊಡಿ ಎಂಬ ಹಳೆಯ ಜಾತಿ ಲೆಕ್ಕ ಇನ್ನೂ ಮೆಲ್ಲಗೆ ಹೊರಗೆ ಬರುತ್ತದೆ. ಅದನ್ನು ಮನೆಯಲ್ಲಿ ಪಿಸುಗುಟ್ಟಬಹುದು, ಪಟ್ಟಿಯಲ್ಲಿ ಹಾಕಬಾರದು.

ಇನ್ನು ಬೊಬ್ಬರ್ಯ ದೈವದ ಮಾತು. ಕಡಲಿಗೆ ಇಳಿಯುವ ಮೊಗವೀರರು ನಂಬುವ ದೈವ. ತುಳುವಿನ ಕಥನ ಹಾಡು ಪಾಡ್ದನದಲ್ಲಿ ಬೊಬ್ಬರ್ಯನ ತಂದೆ ಬ್ಯಾರಿ ಮುಸ್ಲಿಂ ವ್ಯಾಪಾರಿ, ತಾಯಿ ಜೈನರ ಮನೆಯಲ್ಲಿ ಹುಟ್ಟಿದವಳು ಎಂದು ಬರುತ್ತದೆ. ಕರಾವಳಿಯ ಉದ್ದಕ್ಕೂ ಗುಂಡ (ದೈವದ ಗುಡಿ) ಕಟ್ಟಿ ನಂಬಿಕೊಂಡು ಬಂದಿದ್ದೇವೆ. ಯಾರೂ "ಮನೆಯಲ್ಲಿ ಎಂತ ಮಾತಾಡುದು?" ಎಂದು ಕೇಳಲಿಲ್ಲ. ಅಲ್ಲಿ ಕೈಮುಗಿದು ಪ್ರಸಾದ ತೆಗೆದುಕೊಂಡ ಹುಡುಗರೇ ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂತ ಇಬ್ಬರ ಹತ್ತಿರ ಹೋಗಿ ಹೆಸರು ಕೇಳುತ್ತಾರೆ. ಎರಡು ಹೆಸರು ಎರಡು ಧರ್ಮದ್ದಾದರೆ ಮುಗಿಯಿತು. ಅವರು ಒಂದೇ ತಾಯಿಯ ಮಕ್ಕಳೂ ಆಗಿರಬಹುದು, ಅಪ್ಪ ಮಗನಿಗೆ ಹೆಸರಿಟ್ಟು ಅಮ್ಮ ಮಗಳಿಗೆ ಇಟ್ಟಿರಬಹುದು. ಅಣ್ಣ-ತಂಗಿ ಐಸ್‌ಕ್ರೀಮ್ ತಿನ್ನಲು ಹೋಗುವಾಗ ರೇಷನ್ ಕಾರ್ಡ್ ಹಿಡಿದುಕೊಂಡು ಹೋಗುವುದು ಒಳ್ಳೆಯದು.

ನಮ್ಮ ಲೆಕ್ಕದ ಮಕ್ಕಳಿಗೆ ಈಗ ಮದುವೆಯ ವಯಸ್ಸು. ಎರಡಿರುವ ಹುಡುಗನನ್ನು ಬಂಟರು ಕೊಂಕಣಿಯವರತ್ತ ತೋರಿಸುತ್ತಾರೆ, ಕೊಂಕಣಿಯವರು ಬಂಟರತ್ತ. ಸೊನ್ನೆ ಇರುವ ಹುಡುಗಿಗೆ ಆ ತೊಂದರೆಯೂ ಇಲ್ಲ. ಜಾತಕ ಕೇಳಿ ಬಂದ ಫೋನು ಎರಡನೇ ಪ್ರಶ್ನೆಗೇ ಕಟ್ ಆಗುತ್ತದೆ.

ಪರಿಹಾರ ಹುಡುಕಿದ್ದು ಬಂಟರ ಕಡೆಯ ದೊಡ್ಡಮ್ಮ. "ಅವರಿಬ್ಬರಿಗೇ ಮದುವೆ ಮಾಡಿ. ಸೋದರಮಾವನ ಮಗಳು, ಕ್ರಮದಲ್ಲಿ ಆಗ್ತದೆ. ಅವನಿಗೆ ಎರಡು, ಅವಳಿಗೆ ಸೊನ್ನೆ, ಸರಾಸರಿ ಒಂದು."

"ಅವರ ಮಗುವಿಗೆ ಬರಿ?" ಯಾರೋ ಕೇಳಿದರು.

"ಅಮ್ಮನ ಹತ್ತಿರ ಇದ್ದರಲ್ವಾ ಬರುದು?"

"ಹಾಗಾದರೆ ಗೋತ್ರ ಮಾತ್ರ. ಕೊಂಕಣಿ ಆಯ್ತು."

"ಅದು ಹೇಗೆ ಆಗ್ತದೆ? ಅಜ್ಜ-ಅಜ್ಜಿ ನಾಲ್ಕರಲ್ಲಿ ಇಬ್ಬರು ನಮ್ಮವರು!"

ದೊಡ್ಡಮ್ಮ ಸ್ವಲ್ಪ ಹೊತ್ತು ಬೆರಳು ಮಡಚಿದರು. ಮತ್ತೆ ಬಿಚ್ಚಿ ಇನ್ನೊಮ್ಮೆ ಮಡಚಿದರು. ಆಮೇಲೆ ಸಿಟ್ಟು ಬಂತು.

"ಅವನು ಹುಡುಗಿಯಾಗಿ, ಇವಳು ಹುಡುಗನಾಗಿ ಹುಟ್ಟಿದ್ದರೆ ಎಲ್ಲ ಸರಿ ಇತ್ತು. ಹುಟ್ಟುವವರಿಗೆ ಒಂದು ಅಂದಾಜು ಬೇಡ್ವಾ?"