ಓಡದಿದ್ದರೂ ರನ್

ಇಂಗ್ಲಿಷ್ ಕಲಿಯುವವರಿಗೆಂದು ಸಿದ್ಧಪಡಿಸಿದ ಬಣ್ಣಬಣ್ಣದ ಪಟ್ಟಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಇಲ್ಲಿ ಫೇಸ್‌ಬುಕ್‌ನಲ್ಲೂ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತವೆ. ಎಡಗಡೆ ಒಂದು ಸಾಮಾನ್ಯ ಪದ, ಬಲಗಡೆ ಅದರ ಬದಲಿಗೆ ಬಳಸಬೇಕೆನ್ನುವ ಹತ್ತಾರು ‘ಉತ್ತಮ’ ಪದಗಳು. ‘ರನ್’ ಎಂಬುದರ ಎದುರು ಸ್ಪ್ರಿಂಟ್, ಡ್ಯಾಶ್, ಜಾಗ್, ಮ್ಯಾನೇಜ್, ಆಪರೇಟ್, ಫ್ಲೋ ಎಂದು ಸಾಲಾಗಿ ಬರೆದಿದ್ದ ಅಂಥದೊಂದು ಪಟ್ಟಿಯನ್ನು ಈಚೆಗೆ ಹಲವರು ಹಂಚಿಕೊಂಡಿದ್ದರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಇಂಥ ಪಟ್ಟಿಗಳಿಂದ ಮಕ್ಕಳ ಇಂಗ್ಲಿಷ್ ಸುಧಾರಿಸುವುದಕ್ಕಿಂತ ಕೆಡುವುದೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ತೋರಿಸಿಕೊಡಲು ಇದೇ ‘ರನ್’ ಪದ ಸಾಕು.

ಈ ಪದದ ವಿಸ್ತಾರ ಎಷ್ಟೆಂಬುದನ್ನು ಮೊದಲು ನೋಡೋಣ. 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ದೀರ್ಘವಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದಾಗಿತ್ತು. ಅದಕ್ಕೆ 430ರಷ್ಟು ಅರ್ಥಗಳನ್ನು ಕೊಡಲಾಗಿತ್ತು. ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ ಆ ಸ್ಥಾನವನ್ನು ‘ರನ್’ ಕಸಿದುಕೊಂಡಿತು. ನಾಮಪದವಾಗಿ ಅದಕ್ಕಿರುವ ಅರ್ಥಗಳನ್ನು ಬಿಟ್ಟು ಕ್ರಿಯಾಪದದ ಅರ್ಥಗಳೇ 645 ಎಂದು 2011ರಲ್ಲಿ ವರದಿಯಾಯಿತು. ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದು ಪದಕ್ಕಾಗಿ ಸುಮಾರು ಒಂಬತ್ತು ತಿಂಗಳು ದುಡಿದರು. ಇದು ಹೊಸ ಕಷ್ಟವೇನೂ ಅಲ್ಲ. 1755ರಲ್ಲೇ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಗೆಟ್, ಗಿವ್, ಪುಟ್, ಸೆಟ್, ರನ್, ಟೇಕ್ ಮುಂತಾದ ಪದಗಳನ್ನು ಹೆಸರಿಸಿ, ಇವುಗಳ ಅರ್ಥ ಹಿಡಿತಕ್ಕೆ ಸಿಗದಷ್ಟು ಸಡಿಲವಾದದ್ದೆಂದು ಬೇಸರಪಟ್ಟುಕೊಂಡಿದ್ದಾರೆ. ದೊಡ್ಡ ದೊಡ್ಡ ಲ್ಯಾಟಿನ್ ಪದಗಳು ಅವರನ್ನು ಅಷ್ಟಾಗಿ ಕಾಡಲಿಲ್ಲ ಎಂಬುದನ್ನು ನಮ್ಮ ಪಟ್ಟಿ ತಯಾರಕರು ಗಮನಿಸಬೇಕು.

ನನಗೆ ಕುತೂಹಲ ಹುಟ್ಟಿಸುವುದು ಈ ಅರ್ಥಗಳ ಸಂಖ್ಯೆಗಿಂತ ಅವು ಹಬ್ಬಿರುವ ರೀತಿ. ಕಾಲಿನಿಂದ ಓಡುವುದೂ ನೀರು ಹರಿಯುವುದೂ ಈ ಪದದ ಹಳೆಯ ಜರ್ಮಾನಿಕ್ ಮೂಲದಲ್ಲೇ ಒಟ್ಟಿಗಿದ್ದವು. ಆದ್ದರಿಂದ ನಲ್ಲಿಯ ನೀರು, ನೆಗಡಿಯಾದಾಗ ಸೋರುವ ಮೂಗು, ಒಗೆಯುವಾಗ ಬಣ್ಣ ಬಿಡುವ ಸೀರೆ ಎಲ್ಲಕ್ಕೂ ‘ರನ್’ ಸಲ್ಲುತ್ತದೆ. ಯಂತ್ರಗಳ ಕಾಲ ಬಂದ ಮೇಲೆ ಗಿರಣಿ, ರೈಲು, ಮೋಟಾರು, ಕೊನೆಗೆ ಕಂಪ್ಯೂಟರಿನ ಪ್ರೋಗ್ರಾಮು, ಹೀಗೆ ತಾನಾಗಿ ನಡೆಯುವ ಪ್ರತಿಯೊಂದೂ ಅದರ ತೆಕ್ಕೆಗೆ ಸೇರಿತು. ಅಂಗಡಿಯನ್ನಾಗಲಿ ಶಾಲೆಯನ್ನಾಗಲಿ ನಾವು ಕನ್ನಡದಲ್ಲಿ ‘ನಡೆಸು’ತ್ತೇವೆ, ಇಂಗ್ಲಿಷಿನವರು ಓಡಿಸುತ್ತಾರೆ. ಚುನಾವಣೆಯ ವಿಷಯದಲ್ಲಂತೂ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ: ಅಮೆರಿಕದ ಅಭ್ಯರ್ಥಿ ‘ರನ್’ ಮಾಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ನಮ್ಮವರಂತೆಯೇ ‘ನಿಲ್ಲು’ತ್ತಾನೆ.

ಓಟದ ಸುಳಿವೇ ಇಲ್ಲದ ‘ರನ್’ಗಳೂ ಉಂಟು. ಠೇವಣಿದಾರರೆಲ್ಲ ಏಕಕಾಲಕ್ಕೆ ಹಣ ಹಿಂಪಡೆಯಲು ಮುಗಿಬೀಳುವುದು ‘ಬ್ಯಾಂಕ್ ರನ್’. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿಗೆ ಆ ಗತಿ ಬಂದಾಗ ಪತ್ರಿಕೆಗಳಲ್ಲಿ ಅಚ್ಚಾದ ಚಿತ್ರಗಳಲ್ಲಿ ಜನ ಶಿಸ್ತಾಗಿ ಸರತಿಯ ಸಾಲಿನಲ್ಲಿ ನಿಂತಿದ್ದರು. ಕ್ರಿಕೆಟ್ಟಿನಲ್ಲಿ ಚೆಂಡು ಬೌಂಡರಿ ದಾಟಿತೆಂದರೆ ಇಬ್ಬರು ಬ್ಯಾಟ್ಸ್‌ಮನ್ನರೂ ಇದ್ದಲ್ಲೇ ಇದ್ದರೂ ನಾಲ್ಕು ರನ್ ಸೇರುತ್ತವೆ. ಈ ಸಂಪತ್ತಿಗೆ ನಮ್ಮ ಕಾಣಿಕೆಯೂ ಇದೆ. ಕಂಡಕ್ಟರು ‘ರನ್ನಿಂಗ್ ಬಸ್ ಹತ್ತಬೇಡಿ’ ಎಂದು ಗದರಿದರೆ ಇಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಲಂಡನ್ನಿನವನಿಗೆ ಅದು ‘ಮೂವಿಂಗ್ ಬಸ್’.

ಹೀಗಿರುವಾಗ ‘ರನ್’ ಪದಕ್ಕೆ ಸಮಾನಾರ್ಥಕಗಳ ಒಂದೇ ಪಟ್ಟಿ ಇರಲು ಹೇಗೆ ಸಾಧ್ಯ? ಮೂಗಿನ ‘ರನ್’ಗೆ ಸ್ಪ್ರಿಂಟ್ ಬದಲಿಯಾಗದು, ಕಂಪನಿಯ ‘ರನ್’ಗೆ ಫ್ಲೋ ಬದಲಿಯಾಗದು. ಒಂದೇ ಅರ್ಥದ ಒಳಗಿರುವ ಪದಗಳೂ ಸಮಾನವಲ್ಲ. ನೆರೆಮನೆಯ ಎಂಟನೆಯ ತರಗತಿಯ ಹುಡುಗ ‘ನಮ್ಮ ಕುಟುಂಬ’ ಎಂಬ ಪ್ರಬಂಧದಲ್ಲಿ ‘ಮೈ ಫಾದರ್ ರನ್ಸ್ ಎ ಶಾಪ್’ ಎಂದು ಸರಿಯಾಗಿಯೇ ಬರೆದಿದ್ದ. ಪದ ತೀರಾ ಸಾದಾ ಆಯಿತೆಂದು ಯಾರೋ ಹೇಳಿದ್ದರಿಂದ ಪಟ್ಟಿ ನೋಡಿ ‘ಆಪರೇಟ್ಸ್’ ಎಂದು ತಿದ್ದಿ, ಅದೂ ಸಮಾಧಾನವಾಗದೆ ‘ಮ್ಯಾನೇಜಸ್’ ಎಂದು ಮತ್ತೆ ತಿದ್ದಿದ್ದ. ಮೊದಲ ತಿದ್ದುಪಡಿಯಿಂದ ಕಿರಾಣಿ ಅಂಗಡಿಗೆ ಯಂತ್ರದ ವಾಸನೆ ಬಂತು. ಎರಡನೆಯದರಿಂದ ಅಂಗಡಿಯ ಮಾಲೀಕರು ಬೇರೆ ಯಾರೋ ಇದ್ದಾರೆ, ಅಪ್ಪ ಅಲ್ಲಿ ಸಂಬಳಕ್ಕಿದ್ದಾರೆ ಎಂಬ ಧ್ವನಿ ಬಂತು. ವ್ಯಾಕರಣದಲ್ಲಿ ದೋಷವಿಲ್ಲದ ಕಾರಣ ಪುಟದಲ್ಲಿ ಕೆಂಪು ಗೆರೆ ಬೀಳಲಿಲ್ಲ.

‘ಮ್ಯಾನೇಜ್’ ಪದದ ಚರಿತ್ರೆಯನ್ನು ಕೆದಕಿದರೆ ಈ ವ್ಯತ್ಯಾಸ ಎಲ್ಲಿಂದ ಬಂತೆಂಬುದು ಸ್ವಲ್ಪ ತಿಳಿಯುತ್ತದೆ. ಅದು ಕುದುರೆ ಪಳಗಿಸುವುದನ್ನು ಹೇಳುವ ಇಟಾಲಿಯನ್ ಪದದಿಂದ ಬಂದದ್ದು. ಅದರ ಬೇರಿನಲ್ಲಿರುವುದು ‘ಕೈ’. ಹತೋಟಿಯಲ್ಲಿಡುವ, ತೊಂದರೆಯ ನಡುವೆಯೂ ಹೇಗೋ ನಿಭಾಯಿಸುವ ಛಾಯೆ ಅದಕ್ಕೆ ಇಂದಿಗೂ ಅಂಟಿಕೊಂಡಿದೆ. ‘ಹೇಗೋ ಮ್ಯಾನೇಜ್ ಮಾಡ್ತೀನಿ ಬಿಡಿ’ ಎಂದು ನಾವು ಹೇಳುವಾಗ ಆ ಛಾಯೆಯನ್ನು ಬಹಳ ಚೆನ್ನಾಗಿ ಹಿಡಿದಿರುತ್ತೇವೆ. ಆದರೆ ಪ್ರಬಂಧ ಬರೆಯಲು ಕುಳಿತಾಗ ಮರೆಯುತ್ತೇವೆ.

ಸಮಾನಾರ್ಥಕ ಕೋಶಗಳ ಮೇಲೆ ನನಗೆ ದ್ವೇಷವಿಲ್ಲ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ತಮ್ಮ ಪ್ರಸಿದ್ಧ ಥಿಸಾರಸ್ ಪ್ರಕಟಿಸಿದಾಗ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ 1000 ಪರಿಕಲ್ಪನೆಗಳ ಅಡಿಯಲ್ಲಿ ಹಂಚಿದರು. ಮನಸ್ಸಿನಲ್ಲಿ ಭಾವ ಸ್ಪಷ್ಟವಾಗಿದ್ದು, ತಕ್ಕ ಪದ ನಾಲಗೆಗೆ ಬಾರದವನಿಗಾಗಿ ಅವರು ಅದನ್ನು ರಚಿಸಿದ್ದು. ಅಂಥವನು ಪಟ್ಟಿಯಲ್ಲಿ ಹುಡುಕುವುದು ತನಗೆ ಪರಿಚಯವಿರುವ ಪದವನ್ನೇ. ಪರಿಚಯವಿಲ್ಲದ ಪದವನ್ನು ಅಲ್ಲಿಂದ ಎತ್ತಿ ತಂದು ವಾಕ್ಯಕ್ಕೆ ಅಂಟಿಸುವುದು ಆ ಗ್ರಂಥದ ಉದ್ದೇಶಕ್ಕೇ ವಿರುದ್ಧವಾದ ಬಳಕೆ.

ರೋಜೆ ತಮ್ಮ ಪೀಠಿಕೆಯಲ್ಲಿ ಅಮರಸಿಂಹನ ಸಂಸ್ಕೃತ ಪದಕೋಶವಾದ ಅಮರಕೋಶವನ್ನೂ, 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಕೋಲ್‌ಬ್ರೂಕರ ಅದರ ಇಂಗ್ಲಿಷ್ ಆವೃತ್ತಿಯನ್ನೂ ನೆನೆದಿದ್ದಾರೆ. ಅಮರಸಿಂಹನ ಜಾಣತನ ನೋಡಿ: ಒಂದೇ ವಸ್ತುವಿನ ಹಲವು ಹೆಸರುಗಳನ್ನು ವಿಷಯವಾರು ವರ್ಗಗಳಲ್ಲಿ ಕೊಟ್ಟು, ಒಂದೇ ಹೆಸರಿನ ಹಲವು ಅರ್ಥಗಳಿಗೆ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವನ್ನೇ ಪ್ರತ್ಯೇಕವಾಗಿ ಇಟ್ಟ. ವಿಷ್ಣು, ಇಂದ್ರ, ಯಮ, ಸಿಂಹ, ಕುದುರೆ, ಕೋತಿ, ಕಪ್ಪೆ ಇವೆಲ್ಲವೂ ‘ಹರಿ’ಯ ಅರ್ಥಗಳೆಂದು ಅಲ್ಲಿದೆ. ಇದನ್ನು ಬಾಯಿಪಾಠ ಮಾಡಿದ ಯಾವ ವಿದ್ಯಾರ್ಥಿಯೂ ವಿಷ್ಣುವಿಗೆ ಕಪ್ಪೆ ಸಮಾನಾರ್ಥಕವೆಂದು ತಿಳಿಯಲಿಲ್ಲ. ನಮ್ಮ ‘ರನ್’ ಪಟ್ಟಿ ಮಾಡುತ್ತಿರುವುದು ಹೆಚ್ಚೂಕಡಿಮೆ ಆ ತಪ್ಪನ್ನೇ: ಜಾಗ್ ಮತ್ತು ಮ್ಯಾನೇಜ್ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ.

ಪಟ್ಟಿ ಹಂಚುವ ಮಿತ್ರರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಹತ್ತು ಪದಗಳ ಬದಲು ಎರಡೇ ಪದಗಳನ್ನು ಹಾಕಿ, ಆದರೆ ಪ್ರತಿಯೊಂದರ ಮುಂದೆ ಪೂರ್ತಿ ವಾಕ್ಯವೊಂದನ್ನು ಬರೆಯಿರಿ. ಯಾರು ಓಡಿದರು, ಏನು ಹರಿಯಿತು, ಯಾವುದನ್ನು ನಡೆಸಿದರು ಎಂಬುದು ಆ ವಾಕ್ಯದಲ್ಲಿರಲಿ. ಮಕ್ಕಳು ಬರೆದ ‘ರನ್’ ಅರ್ಥಕ್ಕೆ ಸರಿಹೊಂದುತ್ತಿದ್ದರೆ, ಶಿಕ್ಷಕರೂ ಪೋಷಕರೂ ದಯವಿಟ್ಟು ಅದನ್ನು ಹಾಗೆಯೇ ಇರಗೊಡಲಿ.