ಚಪ್ಪಾಳೆ ರೈಲಿಗೆ, ರಿಯಾಯಿತಿ ವಿಮಾನಕ್ಕೆ

ಯುರೋಪಿನ ರಾಜಕಾರಣಿಗಳಿಗೆ ರಾತ್ರಿ ರೈಲು ಅಂದ್ರೆ ಪ್ರಾಣ. ಹವಾಮಾನದ ಬಗ್ಗೆ ಯಾರೇ ಭಾಷಣ ಮಾಡಲಿ, ನಡುವೆ ಒಂದು ಸ್ಲೀಪರ್ ರೈಲು ಹಾದುಹೋಗಲೇಬೇಕು. ರಾತ್ರಿ ಮಲಗಿ, ಬೆಳಿಗ್ಗೆ ಇನ್ನೊಂದು ದೇಶದಲ್ಲಿ ಏಳಿ, ವಿಮಾನ ಬೇಡ, ಕಾರೂ ಬೇಡ, ಹೋಟೆಲ್ ಖರ್ಚೂ ಉಳಿಯಿತು. ಕೇಳೋಕೆ ಚೆನ್ನಾಗಿದೆ ಅಲ್ವಾ? ಇಷ್ಟು ಹೇಳಿ, ವಿಮಾನಕ್ಕೆ ಹೊತ್ತಾಯಿತು ಅಂತ ಎದ್ದು ಹೋಗುತ್ತಾರೆ.

ಪ್ಯಾರಿಸ್–ಬರ್ಲಿನ್ ರೈಲಿನ ಕತೆಯನ್ನೇ ನೋಡಿ. ಒಂಬತ್ತು ವರ್ಷ ನಿಂತುಹೋಗಿದ್ದ ಈ ರಾತ್ರಿ ರೈಲನ್ನು 2023ರ ಡಿಸೆಂಬರ್‌ನಲ್ಲಿ ಮತ್ತೆ ಬಿಟ್ಟರು. ಮಂತ್ರಿಗಳು ಬಂದರು, ಕ್ಯಾಮೆರಾಗಳು ಬಂದವು. ವಾರಕ್ಕೆ ಮೂರೇ ದಿನದ ಓಡಾಟ, ಸಂಭ್ರಮ ಮಾತ್ರ ಹೊಸ ಯುಗವೇ ಶುರುವಾದಷ್ಟು. ಮರುವರ್ಷ ಆಗಸ್ಟ್‌ನಲ್ಲಿ, ಜನ ರಜೆ ಹಾಕಿ ಊರೂರು ತಿರುಗುವ ಹೊತ್ತಿಗೆ ಸರಿಯಾಗಿ, ಹಳಿ ಕೆಲಸ ಇದೆ ಅಂತ ಅಕ್ಟೋಬರ್‌ವರೆಗೆ ರೈಲನ್ನೇ ನಿಲ್ಲಿಸಿದರು. ಆಮೇಲೆ ಫ್ರಾನ್ಸ್ ಸರ್ಕಾರ ಇನ್ನು ಸಬ್ಸಿಡಿ ಕೊಡಲ್ಲ ಎಂದಿತು. 2025ರ ಡಿಸೆಂಬರ್‌ಗೆ ರೈಲು ಬಂದ್. ಜೊತೆಗೆ ಪ್ಯಾರಿಸ್–ವಿಯೆನ್ನಾ ರೈಲೂ ಬಂದ್. ಹೊಸ ಯುಗದ ಆಯಸ್ಸು ಎರಡೇ ವರ್ಷ! ಸಬ್ಸಿಡಿ ಇಲ್ಲದೆ ಲೆಕ್ಕ ಕೂಡಿಬರಲ್ಲವಂತೆ. ಯಾಕೆ ಕೂಡಿಬರಲ್ಲ ಅಂತ ಮಾತ್ರ ಯಾರೂ ಕೇಳಬಾರದು.

ಕೇಳಿದರೆ 1944ರವರೆಗೆ ಹೋಗಬೇಕಾಗುತ್ತದೆ. ಆ ವರ್ಷ ಶಿಕಾಗೋದಲ್ಲಿ ಹಲವು ದೇಶಗಳು ಸೇರಿ ವಿಮಾನಯಾನದ ಒಪ್ಪಂದ ಮಾಡಿಕೊಂಡವು. ಬಂದಿಳಿದ ವಿಮಾನದ ಟ್ಯಾಂಕಿನಲ್ಲಿ ಉಳಿದಿರುವ ಇಂಧನಕ್ಕೆ ಸುಂಕ ಹಾಕಬೇಡಿ ಅನ್ನೋದು ಅದರಲ್ಲೊಂದು ಮಾತು. ಪಾಪ, ವಿಮಾನಯಾನ ಆಗಿನ್ನೂ ಎಳೆಕೂಸು. ಆಮೇಲೆ ದೇಶಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಹೊಸದಾಗಿ ತುಂಬಿಸಿಕೊಳ್ಳುವ ಇಂಧನಕ್ಕೂ ಅದೇ ರಿಯಾಯಿತಿ ಕೊಟ್ಟವು. ಕೂಸಿಗೆ ಈಗ ಎಂಬತ್ತು ದಾಟಿದೆ, ಇನ್ನೂ ತೊಟ್ಟಿಲು ತೂಗುತ್ತಲೇ ಇದ್ದಾರೆ. ಈ ಇಂಧನಕ್ಕೆ ತೆರಿಗೆ ಹಾಕೋಣವಾ ಅಂತ ಯುರೋಪ್ ಒಕ್ಕೂಟದ ಆಯೋಗ 2021ರಲ್ಲಿ ಮೆಲ್ಲಗೆ ಕೇಳಿ ನೋಡಿತು. ತೆರಿಗೆ ಅಂದಮೇಲೆ ಸದಸ್ಯ ದೇಶಗಳೆಲ್ಲ ಒಪ್ಪಬೇಕು ಅನ್ನೋ ನಿಯಮ ಇದೆಯಲ್ಲ, ಮುಗೀತು ಕತೆ.

ರೈಲಿಗೆ ಈ ಮುದ್ದು ಇಲ್ಲ. ಜರ್ಮನಿಯಿಂದ ಹೊರದೇಶಕ್ಕೆ ಹಾರಿದರೆ ಟಿಕೆಟ್ಟಿಗೆ ವ್ಯಾಟ್ ಇಲ್ಲ. ರೈಲಿನಲ್ಲಿ ಹೋದರೆ ಜರ್ಮನಿಯೊಳಗಿನ ದಾರಿಗೆ 7 ಪರ್ಸೆಂಟ್ ಇದೆ. (ವಿಮಾನ ಟಿಕೆಟ್ಟಿಗೆ ಅಲ್ಲಿ ಬೇರೊಂದು ತೆರಿಗೆ ಇದೆ, ಸುಳ್ಳು ಹೇಳಬಾರದು. ಅದು ಜಾಸ್ತಿಯಾಯ್ತು, ಇಳಿಸ್ತೀವಿ ಅಂತ ಸರ್ಕಾರವೇ 2025ರಲ್ಲಿ ಹೇಳಿದೆ.) ಇನ್ನು ಹಳಿ ಬಾಡಿಗೆ. ರೈಲು ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಎಣಿಸಿ ಕಟ್ಟಬೇಕು. ಹಗಲಿನ ರೈಲಾದರೆ ಒಂದು ಬೋಗಿಯಲ್ಲಿ ಎಂಬತ್ತು ಜನರನ್ನು ಕೂರಿಸಿ ಆ ಬಾಡಿಗೆಯನ್ನು ಹಂಚಬಹುದು. ಆಸ್ಟ್ರಿಯಾದ ನೈಟ್‌ಜೆಟ್ ಅನ್ನೋ ಹೊಸ ರಾತ್ರಿ ರೈಲಿನಲ್ಲಿ ಏಳು ಬೋಗಿಗೆ ಸೇರಿ 254 ಜನ, ಅದೂ ರಾತ್ರಿಗೆ ಒಂದೇ ಟ್ರಿಪ್ಪು. ಮಲಗುವವರಿಗೆ ಜಾಗ ಜಾಸ್ತಿ ಬೇಕು, ಏನು ಮಾಡೋದು. ಗಡಿಯಲ್ಲಿ ಇನ್ನೊಂದು ತಮಾಷೆ. ರೈಲಿಗೆ ಕರೆಂಟ್ ಕೊಡುವ ತಂತಿಯಲ್ಲಿ ಜರ್ಮನಿಯಲ್ಲಿ 15,000 ವೋಲ್ಟ್, ನೆದರ್ಲೆಂಡ್ಸ್‌ನಲ್ಲಿ ಹೆಚ್ಚಿನ ಕಡೆ 1,500. ನೋಟನ್ನು ಒಂದೇ ಮಾಡಿಕೊಂಡವರಿಗೆ ತಂತಿಯನ್ನು ಒಂದು ಮಾಡೋಕೆ ಆಗಲಿಲ್ಲ.

ಅತ್ತ ವಿಮಾನಕ್ಕೆ ಜನ ಇಲ್ಲದಿದ್ದರೂ ನಡೆಯುತ್ತದೆ. ತುಂಬಾ ಗಿಜಿಗುಡುವ ನಿಲ್ದಾಣಗಳಲ್ಲಿ ಏರೋಕೆ, ಇಳಿಯೋಕೆ ಅಂತ ಸಿಕ್ಕಿದ ಹೊತ್ತುಗಳಲ್ಲಿ 80 ಪರ್ಸೆಂಟನ್ನಾದರೂ ವಿಮಾನ ಕಂಪನಿ ಬಳಸದಿದ್ದರೆ ಮುಂದಿನ ಸಲ ಅದು ಕೈತಪ್ಪುತ್ತದೆ. ಕೊರೋನಾ ಬಂದಾಗ ಕರುಣೆ ತೋರಿ ಮೊದಲು ನಿಯಮವನ್ನೇ ಬದಿಗಿಟ್ಟರು, ಆಮೇಲೆ 50 ಸಾಕು ಅಂದರು. ಆದರೂ 2021–22ರ ಚಳಿಗಾಲದಲ್ಲಿ, ಬರೀ ಈ ಜಾಗ ಉಳಿಸಿಕೊಳ್ಳೋಕೆ, ಅಗತ್ಯವೇ ಇಲ್ಲದ 18,000 ಹಾರಾಟ ನಡೆಸಬೇಕಾಗಿದೆ ಅಂತ ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾದ ಮುಖ್ಯಸ್ಥರೇ ಹೇಳಿದರು. ಬಸ್ಸಿನ ಸೀಟಿಗೆ ಟವೆಲ್ ಹಾಕುವುದು ಗೊತ್ತು, ಆಕಾಶಕ್ಕೆ ವಿಮಾನವನ್ನೇ ಹಾಕಿಡೋದು ಕಂಡಿದ್ದೀರಾ?

ಅಷ್ಟರಲ್ಲಿ ಫ್ರಾನ್ಸ್ ಒಂದು ಕ್ರಾಂತಿ ಮಾಡಿತು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಊರಿಗೆ ವಿಮಾನ ಹಾರಿಸುವಂತಿಲ್ಲ. 2023ರ ಮೇನಲ್ಲಿ ಆದೇಶ ಹೊರಬಂತು. ಇಡೀ ದೇಶ ಜಾಲಾಡಿದರೆ ಸಿಕ್ಕಿದ್ದು ಮೂರು ಹಾದಿ, ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಿಂದ ನಾಂಟ್, ಲಿಯೋನ್ ಮತ್ತು ಬೋರ್ಡೋಗೆ. ಆ ವಿಮಾನಗಳು ಅದಕ್ಕೂ ಮೊದಲೇ ನಿಂತಿದ್ದವು. ಖಾಸಗಿ ಜೆಟ್‌ಗೆ ನಿಯಮ ತಾಗಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಆ ಎರಡೂವರೆ ಗಂಟೆ. ರಾತ್ರಿ ರೈಲು ಈ ಲೆಕ್ಕದಲ್ಲಿ ಯಾವ ಜನ್ಮದಲ್ಲೂ ಪಾಸಾಗಲ್ಲ. ಹನ್ನೆರಡು ಗಂಟೆ ಓಡುತ್ತದೆ, ಅದರಲ್ಲಿ ಎಂಟು ಗಂಟೆ ನೀವು ಗೊರಕೆ ಹೊಡೆದಿರುತ್ತೀರಿ, ಮನೆಯಲ್ಲಿದ್ದರೂ ಹೊಡೆಯುತ್ತಿದ್ದ ಅದೇ ಗೊರಕೆ, ಆದರೆ ಕಾಗದದಲ್ಲಿ ಅದು ಹಾಳಾದ ಹೊತ್ತು. ವಿಮಾನದ ಲೆಕ್ಕದಲ್ಲಿ ಹಾರಿದ್ದಷ್ಟೇ ಪ್ರಯಾಣ. ಊರಾಚೆಯ ನಿಲ್ದಾಣಕ್ಕೆ ಹೋಗಿದ್ದು, ಕ್ಯೂ ನಿಂತಿದ್ದು, ಇಳಿದ ಮೇಲೆ ಬ್ಯಾಗು ಯಾವಾಗ ಬರುತ್ತೋ ಅಂತ ಸುಮ್ನೆ ಬೆಲ್ಟು ನೋಡುತ್ತಾ ನಿಂತಿದ್ದು ಯಾವುದೂ ಬರಲ್ಲ.

ಕಾರಿನವರನ್ನಂತೂ ಕೇಳೋದೇ ಬೇಡ. ಜರ್ಮನಿಯ ಆಟೋಬಾನ್ ಹೆದ್ದಾರಿಯಲ್ಲಿ ಕಾರಿಗೆ ಟೋಲ್ ಇಲ್ಲ. ಈ ರಸ್ತೆ ಹೋದ ವರ್ಷ ಲಾಭ ಮಾಡಿತಾ ಅಂತ ಯಾವ ಮಂತ್ರಿಯೂ ಕೇಳಿದ್ದು ಕಾಣೆ.

ಹಾಗಾಗಿ ನನ್ನದೊಂದು ಸಲಹೆ. ರಾತ್ರಿ ರೈಲನ್ನು ವಿಮಾನ ಅಂತ ಘೋಷಿಸಿಬಿಡಿ. ಅಷ್ಟೇನೂ ಕಷ್ಟವಿಲ್ಲ, ಫ್ಲೈಟ್ ನಂಬರ್ ಹಾಕಿಕೊಂಡು ಓಡುವ ರೈಲುಗಳು ಜರ್ಮನಿಯಲ್ಲಿ ಈಗಲೇ ಇವೆ. ತುಂಬಾ ತಗ್ಗಿನಲ್ಲಿ ಹಾರುತ್ತದೆ ಅಂತ ಬರೆದುಕೊಂಡರಾಯಿತು. ಆಗ ವ್ಯಾಟ್ ಇಲ್ಲ. ಗಾಳಿಗೆ ಯಾರೂ ಹಳಿ ಬಾಡಿಗೆ ಕೇಳಲ್ಲ. ಖಾಲಿ ಓಡಿದರೂ ಜಾಗ ಉಳಿಸಿಕೊಂಡ ಪುಣ್ಯ. ಪ್ರಯಾಣಿಕರೆಲ್ಲ ಮಲಗಿರುತ್ತಾರೆ, ಹಾರುತ್ತಿಲ್ಲ ಅಂತ ಅವರಿಗೆ ಗೊತ್ತಾಗೋದೂ ಇಲ್ಲ. ಒಂದೇ ತೊಂದರೆ, ವಿಮಾನ ಅಂದಮೇಲೆ ಎರಡು ಗಂಟೆ ಮೊದಲೇ ಬಂದು ಸೊಂಟದ ಬೆಲ್ಟು ಬಿಚ್ಚಿ ನಿಲ್ಲಬೇಕಾಗುತ್ತದೆ.